ಪತ್ತನಾಜೆ ಕಳೆದ ಮೇಲೆ ಲೆನ್ಸ್ ಕೆಲಸ: ಕೆಸರು, ಉಪ್ಪು, ಫಂಗಸ್

ನಮ್ಮ ಕರಾವಳಿಯಲ್ಲಿ ಫೋಟೋ ತೆಗೆಯುವವರಿಗೂ ಒಂದು ಸೀಸನ್ ಉಂಟು. ನವೆಂಬರಿನಲ್ಲಿ ಕಂಬಳ ಶುರು. ಹಿಂದೆಯೇ ಕೋಲ, ನೇಮ, ಜಾತ್ರೆ, ಬಯಲಾಟ, ಮದುವೆ. ಬೇಷ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸಿಗೆ ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲಗಳು ನಿಲ್ಲುತ್ತವೆ, ಕ್ಯಾಮೆರಾ ಬ್ಯಾಗುಗಳು ಕಪಾಟು ಸೇರುತ್ತವೆ. ಜೂನ್ ಬಂದರೆ ಮಳೆ. ಈ ಎರಡರ ನಡುವೆ ಸಿಗುವ ಒಂದಿಷ್ಟು ದಿನವೇ ಲೆನ್ಸ್ ಸ್ವಚ್ಛ ಮಾಡಲು ಸರಿಯಾದ ಹೊತ್ತು. ಆರು ತಿಂಗಳ ಬೆರಳಿನ ಜಿಡ್ಡು, ದೊಂದಿಯ ಎಣ್ಣೆಹೊಗೆ, ಕಡಲಿನ ಉಪ್ಪು ಎಲ್ಲ ಹಾಗೇ ಇಟ್ಟು ಬಾಗಿಲು ಹಾಕಿದರೆ ಫಂಗಸ್‌ಗೆ ಎಲೆ ಹಾಕಿ ಬಡಿಸಿದ ಹಾಗೆ.

ಈ ಸಲ ನನ್ನ ಮೇಜಿಗೆ ಬಂದದ್ದು ಭಾವನ ಮೂರು ಲೆನ್ಸ್. ಕಂಬಳದಲ್ಲಿ ಕೆಸರು ತಿಂದ, ದೂರದ್ದನ್ನು ಹತ್ತಿರ ತೋರಿಸುವ 70–200 ಟೆಲಿ ಒಂದು. ಮಲ್ಪೆ ಬೀಚು, ಸೇಂಟ್ ಮೇರೀಸ್ ದ್ವೀಪ ಎಂದು ಪ್ರೀ-ವೆಡ್ಡಿಂಗ್ ಜೋಡಿಗಳ ಹಿಂದೆ ಓಡಾಡಿದ, ಕ್ಯಾಮೆರಾದ ಜೊತೆಗೇ ಬರುವ 18–55 ಕಿಟ್ ಲೆನ್ಸ್ ಇನ್ನೊಂದು. ಮೂರನೆಯದು ಅವರ ಅಪ್ಪ ಫಿಲ್ಮ್ ಕಾಲದಲ್ಲಿ ಬಳಸಿದ, ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸುವ ಎಂ42 ತಿರುಪಿನ, ಪೂರ್ತಿ ಲೋಹದ 50 ಎಂಎಂ. ಭಾವ ಬ್ಯಾಗ್ ಕೆಳಗಿಟ್ಟವರೇ ಹೇಳಿದರು, "ಸ್ಯಾನಿಟೈಸರ್ ಹಾಕಿ ಒಮ್ಮೆ ಒರೆಸಿದ್ರೆ ಆಯ್ತಲ್ಲ ಭಾವ, ಅದಕ್ಕೆಂತ ಇಷ್ಟು ಆಲೋಚನೆ?"

ಆಲೋಚನೆ ಬೇಕಾದ್ದು ಇಷ್ಟಕ್ಕೇ: ಗಾಜಿನ ಮೇಲೆ ಕೂತದ್ದು ಏನು ಎಂದು ಗೊತ್ತಾಗದೆ ಯಾವ ದ್ರವ ಹಾಕಬೇಕೆಂದು ಗೊತ್ತಾಗುವುದಿಲ್ಲ. ಘಟ್ಟದ ಮೇಲಿನವರಿಗೆ ಧೂಳು, ಬೆರಳಚ್ಚು ಎರಡೇ ತಲೆನೋವು. ನಮ್ಮಲ್ಲಿ ಉಪ್ಪು ಸೇರುತ್ತದೆ, ಅಲ್ಲಿಗೆ ಲೆಕ್ಕವೇ ಬದಲಾಗುತ್ತದೆ.

ಬಟ್ಟೆಗಿಂತ ಮೊದಲು ಟಾರ್ಚು

ಕೋಣೆಯ ದೀಪ ಆರಿಸಿ, ಲೆನ್ಸಿನ ಹಿಂಬದಿಯಿಂದ ಓರೆಯಾಗಿ ಸಣ್ಣ ಟಾರ್ಚು ಹಿಡಿದು ಮುಂಬದಿಯಿಂದ ನೋಡುವುದು ನನ್ನ ಮೊದಲ ಕೆಲಸ. ಹಳೇ ಲೆನ್ಸಾದರೆ ಅಪರ್ಚರ್ ರಿಂಗನ್ನು, ಅಂದರೆ ಬೆಳಕಿನ ಕಿಂಡಿ ಹಿಗ್ಗಿಸುವ ಕುಗ್ಗಿಸುವ ಉಂಗುರವನ್ನು, ಪೂರ್ತಿ ತೆರೆದಿಟ್ಟುಕೊಳ್ಳಬೇಕು. ಧೂಳು ಬಿಡಿಬಿಡಿ ಚುಕ್ಕೆಯಾಗಿ ಹೊಳೆಯುತ್ತದೆ. ಜಿಡ್ಡು ಬಣ್ಣಬಣ್ಣದ ಪಸೆಯಾಗಿ ಕಾಣುತ್ತದೆ. ಫಂಗಸ್ ಆದರೆ ಒಂದು ಬಿಂದುವಿನಿಂದ ಹೊರಟು ಕವಲೊಡೆಯುತ್ತ ಹೋದ ತೆಳು ಎಳೆಗಳು. ಉಪ್ಪಿನ ಗುರುತು ದುಂಡಗಿನ ಕಲೆ, ಅಂಚು ದಪ್ಪ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ 10 ಪಟ್ಟಿನ ಲೂಪ್ ಹಿಡಿದರೆ ಆ ಕಲೆಯೊಳಗೆ ಚೌಕ ಚೌಕದ ಹರಳು ಕಾಣುತ್ತದೆ. ಕಿಟ್ ಲೆನ್ಸಿನ ಮುಂದಿನ ಗಾಜಿನ ತುಂಬ ಅದೇ.

ಒಳಗಡೆ ಬಿಡಿ ಧೂಳೂ ಕಂಡಿತು. ಅದನ್ನು ಮುಟ್ಟುವ ಗೊಡವೆಗೆ ಹೋಗಲಿಲ್ಲ. ಲೆನ್ಸ್ ಒಳಗಿನ ನಾಲ್ಕು ಕಣ ಧೂಳು ಫೋಟೋದಲ್ಲಿ ಕಾಣುವುದೇ ಇಲ್ಲ. "ಫೋಟೋದಲ್ಲಿ ಕಪ್ಪು ಚುಕ್ಕೆ ಬರ್ತದೆ, ಲೆನ್ಸ್ ಕ್ಲೀನ್ ಮಾಡಿ" ಎಂದು ತರುವವರಲ್ಲಿ ಹೆಚ್ಚಿನವರ ಚುಕ್ಕೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಇರುತ್ತದೆ. ಅಪರ್ಚರ್ ಕಿಂಡಿಯನ್ನು ಎಫ್/16ಕ್ಕೆ ಕಿರಿದಾಗಿಸಿ ಬರೀ ಆಕಾಶದ್ದೊಂದು ಫೋಟೋ ತೆಗೆಯಿರಿ, ಲೆನ್ಸ್ ಬದಲಿಸಿ ಇನ್ನೊಂದು ತೆಗೆಯಿರಿ. ಚುಕ್ಕೆ ಅದೇ ಜಾಗದಲ್ಲಿದ್ದರೆ ಲೆನ್ಸ್ ನಿರಪರಾಧಿ. ಒರೆಸಿದಷ್ಟೂ ಲೆನ್ಸ್‌ಗೆ ಅಪಾಯವೇ, ಹಾಗಾಗಿ ಒರೆಸದೆ ಬಿಡಬಹುದಾದದ್ದನ್ನು ಬಿಡುವುದೂ ಈ ಕೆಲಸದ ಒಂದು ಭಾಗ.

ಅಪಾಯ ಎಲ್ಲಿದೆ ಎಂದರೆ, ನಾವು ಒರೆಸುವುದು ಗಾಜನ್ನಲ್ಲ, ಗಾಜಿನ ಮೇಲಿನ ಕೋಟಿಂಗನ್ನು. ಬರೀ ಗಾಜಾದರೆ ಪ್ರತಿ ಮೈಯಲ್ಲೂ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟು ವಾಪಸು ಹೋಗುತ್ತದೆ. 15 ಗಾಜು ಇರುವ ಜೂಮ್‌ನಲ್ಲಿ 30 ಮೈ. ಲೆಕ್ಕ ಹಾಕಿದರೆ ಕೊನೆಗೆ ದಾಟಿ ಬರುವುದು ಶೇ. 30ಕ್ಕೂ ಕಡಿಮೆ. ಇದನ್ನು ತಪ್ಪಿಸಲು ಹಾಕುವ ಪದರವೇ ಕೋಟಿಂಗ್. 1890ರ ದಶಕದಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಎಂಬಾತ, ಹಳತಾಗಿ ಮೈ ಮಾಸಿದ ಲೆನ್ಸುಗಳು ಹೊಸದಕ್ಕಿಂತ ಹೆಚ್ಚು ಬೆಳಕು ಬಿಡುತ್ತವೆ ಎಂದು ಗಮನಿಸಿದ್ದ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ನಿರ್ವಾತದಲ್ಲಿ ತೆಳು ಪದರ ಹಾಕುವ ವಿಧಾನಕ್ಕೆ ಪೇಟೆಂಟ್ ತೆಗೆದ. ಮೆಗ್ನೀಸಿಯಂ ಫ್ಲೋರೈಡ್‌ನ ಇಂಥ ಒಂದು ಪದರದ ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಈಗಿನ ಲೆನ್ಸುಗಳಲ್ಲಿ ಇಂಥ ಹಲವು ಪದರ ಒಂದರ ಮೇಲೊಂದು ಇರುತ್ತವೆ, ಗಟ್ಟಿಯೂ ಇರುತ್ತವೆ. ಆದರೆ ಮರಳು ಅದಕ್ಕಿಂತ ಗಟ್ಟಿ. ಬೀಚಿನ ಮರಳಲ್ಲಿ ಮುಖ್ಯವಾಗಿ ಇರುವುದು ಕ್ವಾರ್ಟ್ಸ್, ಮೋಸ್ ಮಾಪನದಲ್ಲಿ ಅದರ ಗಡಸುತನ 7. ಗಾಜಿನದ್ದು ಐದೂವರೆ, ಆರು. ಹೆಗಲ ಮೇಲಿನ ಬೈರಾಸಿನ ತುದಿಯಿಂದ ಒಣಗಿದ ಲೆನ್ಸನ್ನು ತಿಕ್ಕಿದರೆ ಗೆಲ್ಲುವುದು ಮರಳೇ.

ಗಾಜಿನ ತುಂಡಿನ ಮೇಲೆ ಪರೀಕ್ಷೆ

ಲೆನ್ಸ್ ಮುಟ್ಟುವ ಮೊದಲು ದ್ರವಗಳ ಪರೀಕ್ಷೆ. ಇದಕ್ಕೆ ಹಳೇ ಫಿಲ್ಟರ್ (ಲೆನ್ಸ್ ಮುಂದೆ ತಿರುಗಿಸಿ ಕೂರಿಸುವ ಗಾಜು) ಒಂದು, ಫೋಟೋ ಫ್ರೇಮಿನ ಗಾಜೊಂದು ಸಾಕು. ಗಾಜನ್ನು ಚೆನ್ನಾಗಿ ತೊಳೆದು ಒಣಗಿಸಿ, ಅಡಿಯಲ್ಲಿ ಕಪ್ಪು ಕಾಗದ ಇಟ್ಟು, ಮನೆಯಲ್ಲಿರುವ ಒಂದೊಂದು ದ್ರವದ್ದೂ ಒಂದೊಂದು ಹನಿ ಬಿಟ್ಟು, ಅಂಚಿಗೆ ಮಾರ್ಕರ್‌ನಲ್ಲಿ ಹೆಸರು ಬರೆದು, ಮೇಲೆ ಒಂದು ಡಬ್ಬ ಕವುಚಿಟ್ಟು ಬಿಟ್ಟೆ. ಒಣಗಿದ ಮೇಲೆ ಟಾರ್ಚು ಓರೆಯಾಗಿ ಹಿಡಿದರೆ ಎಲ್ಲ ಗುಟ್ಟು ರಟ್ಟು.

ನಲ್ಲಿ ನೀರು, ಅಂದರೆ ಬಜೆ ಅಣೆಕಟ್ಟಿನಿಂದ ಬರುವ ಸ್ವರ್ಣಾ ನದಿಯ ನೀರು, ತೆಳು ಬಿಳಿ ಉಂಗುರ ಬಿಟ್ಟಿತ್ತು. ಬಾವಿ ನೀರಿನ ಉಂಗುರ ಇನ್ನೂ ಸ್ಪಷ್ಟ. ಆರ್‌ಓ ನೀರಿನದ್ದು ಮಸುಕು, ಆದರೆ ಇತ್ತು. ಎಸಿಯಿಂದ ಬೀಳುವ ನೀರು ಶುದ್ಧ ಎಂದು ಕೆಲವರು ಬಾಟಲಿಯಲ್ಲಿ ಹಿಡಿದಿಡುತ್ತಾರೆ. ಅದು ಎಸಿಯ ಕಾಯಿಲ್ ಮೇಲಿನ ಧೂಳನ್ನೆಲ್ಲ ತೊಳೆದುಕೊಂಡೇ ಬರುತ್ತದೆ, ಹನಿ ಒಣಗಿದ ಜಾಗ ನೋಡಿದರೆ ಗೊತ್ತಾಗುತ್ತದೆ.

ಏನೂ ಬಿಡದೆ ಒಣಗಿದ ನೀರು ಒಂದೇ: ಮೆಡಿಕಲ್‌ನಲ್ಲಿ ಸಿಗುವ, ಇಂಜೆಕ್ಷನ್ ಪುಡಿ ಕಲಸಲು ಬಳಸುವ ಸ್ಟೆರೈಲ್ ವಾಟರ್. ಐದು ಎಂಎಲ್, ಹತ್ತು ಎಂಎಲ್‌ನ ಪುಟ್ಟ ಆಂಪ್ಯೂಲ್‌ಗಳಲ್ಲಿ ಬರುತ್ತದೆ. ದೊಡ್ಡ ಖರ್ಚೇನಿಲ್ಲ, ಒಮ್ಮೆ ಒಡೆದದ್ದನ್ನು ಅದೇ ದಿನ ಮುಗಿಸಿ ಬಿಸಾಡಬಹುದು. ಅಂಗಡಿಯವರು ಮಾತ್ರ, "ಯಾರಿಗೆ ಇಂಜೆಕ್ಷನ್? ಚೀಟಿ ಉಂಟಾ?" ಎಂದು ಕೇಳಿದರು. "ಕ್ಯಾಮೆರಾಕ್ಕೆ" ಎಂದೆ. "ಅದಕ್ಕೂ ಜ್ವರ ಬಂತಾ ಮಾರಾಯ್ರೆ" ಎನ್ನುತ್ತಲೇ ಕಟ್ಟಿಕೊಟ್ಟರು. ಇಲ್ಲಿ ಎರಡು ಎಚ್ಚರಿಕೆ. ಪಕ್ಕದ ಡಬ್ಬದಲ್ಲೇ ಅಷ್ಟೇ ಗಾತ್ರದ ನಾರ್ಮಲ್ ಸಲೈನ್ ಇರುತ್ತದೆ. ಅದು ಉಪ್ಪು ನೀರು, ಉಪ್ಪು ತೆಗೆಯಲು ಹೋಗಿ ಉಪ್ಪು ಬಳಿದ ಹಾಗಾಗುತ್ತದೆ. ಹೆಸರು ಓದಿಯೇ ತೆಗೆದುಕೊಳ್ಳಿ. ಮತ್ತೆ, ಆಂಪ್ಯೂಲ್ ಪ್ಲಾಸ್ಟಿಕ್ಕಿನದ್ದೇ ಕೇಳಿ. ಗಾಜಿನ ಆಂಪ್ಯೂಲಿನ ಕುತ್ತಿಗೆ ಮುರಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಚೂರು ನೀರಿಗೆ ಬೀಳುತ್ತದೆ. ಅದನ್ನು ಲೆನ್ಸ್ ಮೇಲೆ ಎಳೆಯುವುದಕ್ಕಿಂತ ಕೊಳೆಯೇ ವಾಸಿ.

ಇನ್ನು ಸ್ಪಿರಿಟ್ ಜಾತಿಯವು. ಭಾವನ ಸ್ಯಾನಿಟೈಸರ್ ಹನಿ ಒಣಗಲೇ ಇಲ್ಲ, ಮುಟ್ಟಿದರೆ ಅಂಟು. ಕೈ ಒಡೆಯದಿರಲಿ ಎಂದು ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ ಶೇ. 1.45 ಗ್ಲಿಸರಾಲ್ ಉಂಟು, ಆಲ್ಕೋಹಾಲ್ ಹಾರಿಹೋದ ಮೇಲೆ ಗಾಜಿನ ಮೇಲೆ ಉಳಿಯುವುದು ಅದು. ಜೆಲ್ ಆದರೆ ಇನ್ನೂ ಕಷ್ಟ. ಭಾವನಿಗೆ ಟಾರ್ಚು ಕೊಟ್ಟು ಆ ಹನಿ ತೋರಿಸಿದೆ. ಮತ್ತೆ ಆ ಸುದ್ದಿ ಎತ್ತಲಿಲ್ಲ. ಗಾಯಕ್ಕೆ ಹಚ್ಚುವ ಸರ್ಜಿಕಲ್ ಸ್ಪಿರಿಟ್ ಕೂಡ ಎಣ್ಣೆಯಂಥ ಅಂಚು ಬಿಟ್ಟಿತ್ತು. ಕಿಟಕಿ ಗಾಜಿಗೆ ಹೊಡೆಯುವ ನೀಲಿ ಸ್ಪ್ರೇಯಲ್ಲಿ ಪರಿಮಳ, ಬಣ್ಣ, ಸಾಬೂನಿನ ಅಂಶ ಎಲ್ಲ ಇರುವುದರಿಂದ ಅದರದ್ದೂ ಕಲೆ. ಕನ್ನಡಕದಂಗಡಿಯ ಸ್ಪ್ರೇ ಪರವಾಗಿಲ್ಲ, ಒರೆಸಿದರೆ ಹೋಗುವಷ್ಟು ಮಬ್ಬು.

ಸ್ವಚ್ಛವಾಗಿ ಹಾರಿಹೋದದ್ದು ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್. ಎಲ್ಲರೂ ಐಪಿಎ ಎನ್ನುತ್ತಾರೆ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯುವುದು ಇದರಲ್ಲೇ. ಅವರ ಮೇಜಿನ ಮೇಲಿನ ತೆರೆದ ಬಾಟಲಿಯಿಂದ ಸ್ವಲ್ಪ ಹೊಯ್ಸಿಕೊಂಡು ಬರುವುದು ಬೇಡ. ಅದರೊಳಗೆ ಬ್ರಶ್ ಅದ್ದಿ ಅದ್ದಿ ಬೆಸುಗೆಗೆ ಹಚ್ಚುವ ಫ್ಲಕ್ಸ್ ಸೇರಿರುತ್ತದೆ, ನಮ್ಮ ಗಾಳಿಯ ತೇವವನ್ನೂ ಅದು ಹೀರಿಕೊಂಡಿರುತ್ತದೆ. ಸೀಲ್ ಇರುವ ಸಣ್ಣ ಬಾಟಲಿಯೇ ಒಳ್ಳೆಯದು. ಬೇಗ ಬೆಂಕಿ ಹತ್ತುವ ವಸ್ತು ಇದು: 12 ಡಿಗ್ರಿ ಸೆಲ್ಸಿಯಸ್‌ಗೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ದೇವರ ಕೋಣೆಯ ದೀಪದ ಪಕ್ಕ, ಗ್ಯಾಸ್ ಒಲೆಯ ಪಕ್ಕ ಬೇಡ.

ಅಸಿಟೋನ್, ಥಿನ್ನರ್, ಪೆಟ್ರೋಲ್ ಇವುಗಳನ್ನು ಪರೀಕ್ಷೆಗೂ ತರಲಿಲ್ಲ. ಅಸಿಟೋನ್ ಗಾಜನ್ನೇನೂ ಮಾಡದಿರಬಹುದು, ಆದರೆ ಲೆನ್ಸಿನ ಪ್ಲಾಸ್ಟಿಕ್ ಅಂಚು, ಬರೆದ ಅಕ್ಷರ, ಕಪ್ಪು ಬಣ್ಣ ಎಲ್ಲವನ್ನೂ ಕರಗಿಸುತ್ತದೆ.

ಈಗ ಇಡೀ ಕೆಲಸದ ಮುಖ್ಯ ಪರೀಕ್ಷೆ. ಎರಡು ಚಿಕ್ಕ ಲೋಟ, ಒಂದರಲ್ಲಿ ಐಪಿಎ, ಇನ್ನೊಂದರಲ್ಲಿ ನೀರು, ಎರಡಕ್ಕೂ ಒಂದೊಂದು ಚಿಟಿಕೆ ಉಪ್ಪು. ನೀರಿನಲ್ಲಿ ಒಮ್ಮೆ ತಿರುಗಿಸುವಷ್ಟರಲ್ಲಿ ಉಪ್ಪು ಮಾಯ. ಐಪಿಎಯಲ್ಲಿ ಎಷ್ಟು ಕಲಸಿದರೂ ತಳದಲ್ಲಿ ಹಾಗೇ ಕೂತಿತ್ತು. ಜಾಹೀರಾತಿನಲ್ಲಿ ಹೊಗಳುವ ಲೆನ್ಸ್ ಕ್ಲೀನರ್‌ಗಳಲ್ಲಿ ಹಲವು ಆಲ್ಕೋಹಾಲ್‌ನವೇ. ಬೆಂಗಳೂರಿನಲ್ಲಿ ಕುಳಿತು ಬೆರಳಚ್ಚು ತೆಗೆಯುವವರಿಗೆ ಅದು ಸರಿ. ಮಲ್ಪೆಯಿಂದ ಬಂದ ಲೆನ್ಸ್‌ಗೆ ಅದನ್ನೇ ಹಾಕಿ ಒರೆಸಿದರೆ ಜಿಡ್ಡು ಹೋಗಿ, ಕರಗದ ಉಪ್ಪಿನ ಹರಳು ಬಟ್ಟೆಯಡಿ ಸಿಕ್ಕಿ ಗಾಜಿನುದ್ದಕ್ಕೂ ಓಡಾಡುತ್ತದೆ, ಜೊತೆಗೆ ಅಂಟಿದ ಮರಳಿನ ಕಣವೂ. ನಮ್ಮಲ್ಲಿ ಮೊದಲು ನೀರು, ಆಮೇಲೆ ಸ್ಪಿರಿಟ್.

ಕಿಟ್ ಲೆನ್ಸ್

ಬ್ಲೋವರ್‌ನಿಂದ ಶುರು. ರಬ್ಬರ್ ಬುರುಡೆಯ, ಕೈಯಲ್ಲಿ ಅದುಮುವ ಬ್ಲೋವರ್. ಲೆನ್ಸನ್ನು ಕೆಳಮುಖ ಹಿಡಿದು ಊದಿದರೆ ಎದ್ದದ್ದು ಕೆಳಗೆ ಬೀಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ಎಣ್ಣೆ ಮತ್ತು ನೀರಿನ ತುಂತುರು ಇರುತ್ತದೆ. ಕ್ಯಾನಿನಲ್ಲಿ ಬರುವ ಗಾಳಿಯೂ ಬೇಡ, ಸ್ವಲ್ಪ ವಾಲಿಸಿದರೆ ಒಳಗಿನ ದ್ರವವೇ ತಣ್ಣಗೆ ಚಿಮ್ಮುತ್ತದೆ. ಬಾಯಿಂದ ಉಫ್ ಎನ್ನುವವರಿದ್ದಾರೆ. ಅದರಲ್ಲಿ ಎಂಜಲಿನ ಹನಿ ಹಾರದೆ ಇರುವುದಿಲ್ಲ, ಎಲೆ ಅಡಿಕೆ ಹಾಕಿದ ಬಾಯಾದರೆ ಕೇಳುವುದೇ ಬೇಡ.

ಊದಿದ ಮೇಲೆ ಮೆತ್ತಗಿನ ಬ್ರಶ್ಶಿನಲ್ಲಿ ಅಂಚಿನ ಸುತ್ತ ಒಮ್ಮೆ. ಬ್ರಶ್ಶಿನ ಕೂದಲನ್ನು ಬೆರಳಿಂದ ಮುಟ್ಟಬಾರದು, ಬೆರಳ ಜಿಡ್ಡು ಅದಕ್ಕೆ ಹತ್ತಿ ಅಲ್ಲಿಂದ ಲೆನ್ಸ್‌ಗೆ ಬರುತ್ತದೆ. ಆಮೇಲೆ ಲೆನ್ಸ್ ಟಿಶ್ಯೂವನ್ನು ಎರಡು ಮಡಿಕೆ ಮಾಡಿ, ಆಂಪ್ಯೂಲಿನಿಂದ ಎರಡು ಮೂರು ಹನಿ ಟಿಶ್ಯೂಗೆ ಹಾಕಿದೆ. ಟಿಶ್ಯೂಗೆ, ಲೆನ್ಸ್‌ಗಲ್ಲ. ಗಾಜಿಗೆ ನೇರ ಹನಿಸಿದರೆ ಅಂಚಿನ ಸಂದಿಯಲ್ಲಿ ನೀರು ತಾನೇ ಒಳಗೆ ಎಳೆದುಕೊಂಡು ಹೋಗುತ್ತದೆ, ಒಳಗೆ ಹೋದದ್ದನ್ನು ಹೊರಗೆ ತರಲು ಲೆನ್ಸ್ ಬಿಚ್ಚಬೇಕು.

ಒದ್ದೆ ಟಿಶ್ಯೂವನ್ನು ಗಾಜಿನ ಮೇಲೆ ಸುಮ್ಮನೆ ಹಾಸಿ, ಹತ್ತಿಪ್ಪತ್ತು ಎಣಿಸುವಷ್ಟು ಹೊತ್ತು ಬಿಟ್ಟೆ. ಉಪ್ಪು ಕರಗಲು ಅಷ್ಟು ಸಾಕು. ಮತ್ತೆ ಅದರ ಒಂದು ಅಂಚು ಹಿಡಿದು ಮೆಲ್ಲ ಎಳೆದರೆ ಟಿಶ್ಯೂವಿನ ಭಾರವೇ ಒತ್ತಡ, ಬೆರಳು ಗಾಜಿನ ಮೇಲೆ ಬರುವುದೇ ಇಲ್ಲ. ಹೊಸ ಟಿಶ್ಯೂ, ಮತ್ತೆ ಅದೇ. ಕಣ್ಣಿಗೆ ಕಲೆ ಕಾಣದ ಮೇಲೂ ಇನ್ನೊಮ್ಮೆ. ಇದಾದ ಮೇಲೆ ಐಪಿಎ ತಾಗಿಸಿದ ಟಿಶ್ಯೂವಿನಿಂದ ನಡುವಿನಿಂದ ಅಂಚಿಗೆ ಸುರುಳಿಯಾಗಿ ಒಂದು ಸುತ್ತು, ಟಿಶ್ಯೂ ಬಿಸಾಡು, ಇನ್ನೊಂದು ಸುತ್ತು. ಒಮ್ಮೆ ಗಾಜಿಗೆ ತಾಗಿದ ಮಡಿಕೆ ಮತ್ತೆ ತಾಗಬಾರದು. ಕೊನೆಗೆ ಉಳಿದ ಮಬ್ಬಿಗೆ ತೊಳೆದಿಟ್ಟ ಮೈಕ್ರೋಫೈಬರ್ ಬಟ್ಟೆ. ಆ ಬಟ್ಟೆ ತೊಳೆಯುವಾಗ ಬಟ್ಟೆ ಮೆತ್ತಗಾಗಿಸುವ ದ್ರವ ಹಾಕಬೇಡಿ. ಅದು ಎಳೆಗಳ ಮೇಲೆ ಎಣ್ಣೆ ಲೇಪಿಸುತ್ತದೆ, ಬಟ್ಟೆ ಒರೆಸುವ ಬದಲು ಬಳಿಯಲು ಶುರುಮಾಡುತ್ತದೆ. ಮುಖ ಒರೆಸುವ ಟಿಶ್ಯೂ ಪೇಪರೂ ಬೇಡ.

ಹಿಂಬದಿಯ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳಿಗೂ ಉಪ್ಪು ಕೂತಿತ್ತು. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದು ತೊಟ್ಟು ನೀರು, ಆಮೇಲೆ ಐಪಿಎ, ಅಷ್ಟೇ. ರಬ್ಬರ್ ಎರೇಸರ್‌ನಿಂದ ತಿಕ್ಕುವ ಉಪಾಯ ಬಹಳ ಮಂದಿ ಹೇಳುತ್ತಾರೆ, ತೆಳು ಚಿನ್ನದ ಲೇಪ ಎಷ್ಟು ದಿನ ತಡೆದೀತು?

ಟೆಲಿ

ಕಂಬಳದ ಗದ್ದೆಯ ಕೆಸರಿನಲ್ಲಿ ಜೇಡಿಯೂ ಉಂಟು, ಮರಳೂ ಉಂಟು. ಕನೆಹಲಗೆ ಓಟದಲ್ಲಿ ಎತ್ತರಕ್ಕೆ ಕಟ್ಟಿದ ಬಟ್ಟೆಯ ಗುರುತಿಗೆ, ಅಂದರೆ ನಿಶಾನೆಗೆ, ನೀರು ಚಿಮ್ಮುವುದನ್ನು ಹತ್ತಿರದಿಂದ ತೆಗೆಯಲು ಹೋದವರ ಕ್ಯಾಮೆರಾ ಒಣಗಿ ಉಳಿಯುವುದುಂಟೇ. ಲೆನ್ಸಿನ ಮುಂದೆ ಯುವಿ ಫಿಲ್ಟರ್ ಇದ್ದದ್ದರಿಂದ ಗಾಜು ಬಚಾವ್. ಫಿಲ್ಟರ್ ಬೇಕೋ ಬೇಡವೋ ಎಂಬ ಜಗಳ ಫೋಟೋದವರಲ್ಲಿ ಮುಗಿಯುವಂಥದ್ದಲ್ಲ. ನನ್ನ ಕೇಳಿದರೆ ಕಂಬಳಕ್ಕೆ, ಕಡಲ ಬದಿಗೆ ಬೇಕೇ ಬೇಕು, ರಾತ್ರಿ ನೇಮಕ್ಕೆ ಬೇಡ. ದೊಂದಿಯ ಬೆಂಕಿ ಫಿಲ್ಟರ್ ಗಾಜಿನಲ್ಲಿ ಪ್ರತಿಫಲಿಸಿ ಫೋಟೋದಲ್ಲಿ ಇನ್ನೊಂದು ಕಡೆ ಭೂತದ ಹಾಗೆ ಮೂಡುತ್ತದೆ. ಭಾವನೂ ನೇಮಕ್ಕೆ ಫಿಲ್ಟರ್ ಬಿಚ್ಚಿಯೇ ಹೋಗುತ್ತಾರೆ. ಹಾಗಾಗಿ ಈ ಲೆನ್ಸಿನಲ್ಲಿ ಎರಡು ಬಗೆಯ ಕೊಳೆ: ಫಿಲ್ಟರ್ ಮೇಲೆ ಕೆಸರು, ಅದರ ಹಿಂದಿನ ಗಾಜಿಗೆ ಎಣ್ಣೆಹೊಗೆಯ ಪಸೆ.

ಎರಡು ಕಡೆಯೂ ಮುಚ್ಚಳ ಹಾಕಿ, ಹೊರಮೈಯ ಒಣಗಿದ ಕೆಸರನ್ನು ಬ್ರಶ್ಶಿನಿಂದ ಉದುರಿಸಿದೆ. ಅಲ್ಲಿಯವರೆಗೆ ಜೂಮ್ ರಿಂಗನ್ನಾಗಲೀ ಫೋಕಸ್ ರಿಂಗನ್ನಾಗಲೀ ತಿರುಗಿಸಲಿಲ್ಲ, ತಿರುಗಿಸಿದರೆ ಸಂದಿಯ ಮಣ್ಣು ಒಳಗೆ ಅರೆಯುತ್ತದೆ. ರಬ್ಬರಿನ ಗೀರುಗಳೊಳಗೆ ಹಳೇ ಹಲ್ಲುಜ್ಜುವ ಬ್ರಶ್, ಹಿಂದೆಯೇ ಹಿಂಡಿದ ಒದ್ದೆ ಬಟ್ಟೆ. ನೀರು ತಡೆಯುವ ಲೆನ್ಸ್ ಎಂದು ನಲ್ಲಿ ಕೆಳಗೆ ಹಿಡಿಯುವವರನ್ನು ಕಂಡಿದ್ದೇನೆ. ಆ ಸೀಲುಗಳು ಮಳೆಹನಿಗೆ ಮಾಡಿದ್ದು, ನಲ್ಲಿಯ ರಭಸಕ್ಕಲ್ಲ.

ಫಿಲ್ಟರ್ ತಿರುಪು ಮಣ್ಣು ಕಚ್ಚಿ ಬಿಗಿಯಾಗಿತ್ತು. ಎರಡು ಬೆರಳಲ್ಲಿ ಅದುಮಿ ತಿರುಗಿಸಿದರೆ ತೆಳು ಉಂಗುರ ಅಂಡಾಕಾರಕ್ಕೆ ಬಗ್ಗಿ ಇನ್ನೂ ಬಿಗಿಯಾಗುತ್ತದೆ. ಫಿಲ್ಟರಿನ ಸುತ್ತ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಇಡೀ ಅಂಗೈಯಿಂದ ಎಲ್ಲ ಕಡೆಗೂ ಸಮ ಹಿಡಿದು ತಿರುಗಿಸಿದಾಗ ಕರ್ ಎಂದು ಬಿಟ್ಟಿತು. ಬಿಚ್ಚುವಾಗ ಲೆನ್ಸ್ ಕೆಳಮುಖವಾಗಿಯೇ ಇರಲಿ, ತಿರುಪಿನ ಮಣ್ಣು ಗಾಜಿನ ಮೇಲೆ ಬೀಳಬಾರದು. ಬಿಚ್ಚಿದ ಫಿಲ್ಟರ್ ಬಗ್ಗೆ ಅಂಥ ನಾಜೂಕು ಬೇಡ. ಹರಿವ ನೀರು, ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು, ಕೊನೆಗೆ ಆಂಪ್ಯೂಲ್ ನೀರಿನಲ್ಲಿ ಒಮ್ಮೆ ಅದ್ದಿ ಒರೆಸಿದ್ದು.

ಎಣ್ಣೆಹೊಗೆಗೆ ನೀರು ಏನೂ ಮಾಡುವುದಿಲ್ಲ, ಹನಿ ಹನಿಯಾಗಿ ಜಾರುತ್ತದೆ. ಇಲ್ಲಿ ಐಪಿಎಗೆ ಕೆಲಸ. ಮೊದಲ ಟಿಶ್ಯೂ ಕಂದು ಬಣ್ಣಕ್ಕೆ ಬಂತು, ಎರಡನೆಯದು ಹಳದಿ, ಆಮೇಲಿನದ್ದು ಬಿಳಿ. ಗಾಜನ್ನು ಓರೆ ಮಾಡಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿದೆ: ನೇರಳೆ, ಹಸಿರು ಛಾಯೆ ಎಲ್ಲ ಕಡೆಯೂ ಒಂದೇ ಸಮ. ಎಲ್ಲಾದರೂ ಬಣ್ಣ ಕಳೆದು ಬಿಳಿ ಹೊಳಪು ಕಂಡರೆ ಅಲ್ಲಿ ಕೋಟಿಂಗ್ ಸವೆದಿದೆ ಎಂದರ್ಥ. ಇದರಲ್ಲಿ ಹಾಗೇನೂ ಇರಲಿಲ್ಲ.

ಹಳೇ ಐವತ್ತು

ಇದರಲ್ಲಿ ಫಂಗಸ್. ಹಿಂದಿನ ಗಾಜಿನ ಗುಂಪಿನ ಒಳಮೈಯಲ್ಲಿ, ಅಪರ್ಚರ್ ಎಲೆಗಳ ಕಡೆಗೆ, ಅಂಚಿನಿಂದ ನಡುವಿಗೆ ಹೊರಟ ಎಳೆಗಳು. ಮುಂದಿನ ಗುಂಪಿನಲ್ಲೂ ಒಂದೆರಡು. ಗಾಳಿಯ ತೇವ ಶೇ. 70 ದಾಟಿ ಹೆಚ್ಚು ಕಾಲ ಅಲ್ಲೇ ನಿಂತರೆ ಇದು ಬೆಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ ಇರುವ ದಿನ ಯಾವುದು ಹೇಳಿ. ಬೆಳೆಯುತ್ತ ಅದು ಬಿಡುವ ಆಮ್ಲ ಕೋಟಿಂಗನ್ನು, ಹೆಚ್ಚು ಕಾಲ ಬಿಟ್ಟರೆ ಗಾಜನ್ನೂ ತಿನ್ನುತ್ತದೆ. ಹೊರಗಿನಿಂದ ಎಷ್ಟು ಒರೆಸಿದರೂ ಉಪಯೋಗವಿಲ್ಲ. ಬಿಸಿಲಿಗಿಟ್ಟರೆ ಸಾಯುತ್ತದೆ ಎನ್ನುತ್ತಾರೆ. ಫಂಗಸ್ ಕೊಲ್ಲುವ ನೇರಳಾತೀತ ಕಿರಣದ ದೊಡ್ಡ ಪಾಲನ್ನು ಗಾಜೇ ತಡೆಯುತ್ತದೆ, ಸತ್ತರೂ ಹೆಣ ಅಲ್ಲೇ ಉಳಿಯುತ್ತದೆ. ಜೊತೆಗೆ, ಮುಚ್ಚಳ ತೆಗೆದು ಬಿಸಿಲಿಗಿಟ್ಟ ಲೆನ್ಸ್ ಅಂಗಳದಲ್ಲಿ ಒಣಗಲು ಹಾಕಿದ್ದಕ್ಕೆ ಬೆಂಕಿ ಹಚ್ಚಬಲ್ಲದು.

ಆಟೋಫೋಕಸ್ ಲೆನ್ಸಾಗಿದ್ದರೆ ನಾನು ಬಿಚ್ಚುತ್ತಿರಲಿಲ್ಲ. ಅದರೊಳಗೆ ರಿಬ್ಬನ್ ಕೇಬಲ್, ಮೋಟಾರು, ಕೂದಲೆಳೆ ಲೆಕ್ಕದಲ್ಲಿ ಕೂಡಿಸಿದ ಗಾಜು. ಹಳೇ ಮ್ಯಾನುವಲ್ ಲೆನ್ಸ್ ಹಾಗಲ್ಲ, ಹಿಂದಿನ ಗುಂಪು ಪೂರ್ತಿಯಾಗಿ ತಿರುಪಿನಲ್ಲೇ ಕೂತಿರುತ್ತದೆ. ಅದರ ಉಂಗುರದಲ್ಲಿ ಎದುರುಬದುರಾಗಿ ಎರಡು ಕಚ್ಚು. ಆ ಕಚ್ಚಿಗೆ ಸ್ಪ್ಯಾನರಿನ ಎರಡು ಮೊನೆ ಕೂರಿಸಿ ತಿರುಗಿಸಬೇಕು. ಮೊನೆ ಜಾರಿದರೆ ನೇರ ಗಾಜಿನ ಮೇಲೆ ಗೀರು. ಅದಕ್ಕೆ ಗಾಜಿನ ಅಳತೆಗೆ ದುಂಡಗೆ ಕತ್ತರಿಸಿದ ದಪ್ಪ ಕಾಗದವನ್ನು ಮೊದಲೇ ಮೇಲಿಟ್ಟುಕೊಂಡೆ. ಮೇಜಿನ ಮೇಲೆ ದಪ್ಪ ಟವೆಲ್, ಕೈಗೆ ನೈಟ್ರೈಲ್ ಗ್ಲೌಸು, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ. ಉಂಗುರ ಎಲ್ಲಿ ಕೂತಿತ್ತೆಂದು ಪೆನ್ಸಿಲಿನ ಗುರುತು.

ಹೊರಬಂದ ಗುಂಪನ್ನು ಇನ್ನೂ ಬಿಡಿಸಲಿಲ್ಲ. ಬೇಕಾದ ಮೈ ಕೈಗೆ ಸಿಕ್ಕಿತ್ತು, ಒಳಗೆ ಅಂಟಿನಿಂದ ಜೋಡಿಸಿದ ಗಾಜು ಇದ್ದರೆ ದ್ರವ ಆ ಅಂಟಿಗೆ ತಾಗಬಾರದು. ಇದೇ ಕಾರಣಕ್ಕೆ ಇಡೀ ಗುಂಪನ್ನು ದ್ರವದಲ್ಲಿ ಮುಳುಗಿಸುವುದೂ ಬೇಡ. ಮೆಡಿಕಲ್‌ನ ಹೈಡ್ರೋಜನ್ ಪೆರಾಕ್ಸೈಡನ್ನು ಆಂಪ್ಯೂಲ್ ನೀರಿನಲ್ಲಿ ಶೇ. 3ಕ್ಕೆ ಇಳಿಸಿ, ಹತ್ತಿಕಡ್ಡಿಯಲ್ಲಿ ಗಾಜಿಗಷ್ಟೇ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೊಸ ಕಡ್ಡಿಯಿಂದ ಉರುಳಿಸುತ್ತ ತೆಗೆದೆ. ಕಡ್ಡಿಯನ್ನು ಉಜ್ಜುವುದಲ್ಲ, ಬೆರಳ ನಡುವೆ ತಿರುಗಿಸುತ್ತ ಉರುಳಿಸುವುದು. ಹೀಗೆ ಮಾಡಿದರೆ ಎತ್ತಿಕೊಂಡ ಕೊಳೆ ಮತ್ತೆ ಗಾಜಿಗೆ ತಾಗುವುದಿಲ್ಲ. ಆಮೇಲೆ ನೀರು, ಒಣಗಿದ ಮೇಲೆ ಐಪಿಎ. ಪೆರಾಕ್ಸೈಡ್ ಬಾಟಲಿ ಇರುವ ಮೇಜಿಗೆ ಅಸಿಟೋನ್ ಬರಲೇಬಾರದು, ಅವೆರಡು ಸೇರಿದರೆ ಸ್ಫೋಟಕವೇ ಆಗಬಹುದು.

ಎಳೆಗಳು ಹೋದವು. ಅವು ಇದ್ದ ಜಾಗದಲ್ಲಿ ಅತಿ ತೆಳುವಾದ ಗುರುತು ಮಾತ್ರ ಉಳಿದಿದೆ, ಟಾರ್ಚಿಗೆ ಕಾಣುತ್ತದೆ. ಅಷ್ಟು ಕೋಟಿಂಗನ್ನು ಅದು ತಿಂದಾಗಿದೆ, ಯಾವ ದ್ರವವೂ ವಾಪಸು ತರುವುದಿಲ್ಲ. ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಎದುರು ಬೆಳಕಿನಲ್ಲಿ ಒಂಚೂರು ಮಬ್ಬು ಬರಬಹುದು. ಮುಂಭಾಗದ ಹೆಸರಿನ ಉಂಗುರ ಮಾತ್ರ ಕದಲಲಿಲ್ಲ. ಬಲಪ್ರಯೋಗಕ್ಕೆ ಹೋಗದೆ ಅಲ್ಲಿಗೇ ನಿಲ್ಲಿಸಿದೆ.

ಡಬ್ಬ

ಸ್ವಚ್ಛ ಮಾಡಿದ್ದನ್ನು ಇಡಲು ರಬ್ಬರ್ ಬೀಡಿಂಗ್ ಇರುವ ಪ್ಲಾಸ್ಟಿಕ್ ಡಬ್ಬ, ಒಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಮಕ್ಕಳಿರುವ ಮನೆಗೆ ಕಿತ್ತಳೆಯೇ ಸರಿ, ತೇವ ಕುಡಿದಾಗ ಹಸಿರಾಗುತ್ತದೆ. ಹಸಿರಾದದ್ದನ್ನು 120 ಡಿಗ್ರಿಯ ಓವನ್‌ನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕಿತ್ತಳೆ.

ಅಗ್ಗದ ತೇವಮಾಪಕ ತೋರಿಸುವ ಅಂಕಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಪರೀಕ್ಷಿಸುವ ದಾರಿ ಸುಲಭ, ಅದಕ್ಕೂ ಉಪ್ಪೇ ಬೇಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪಿಗೆ ಕೆಲವೇ ಹನಿ ನೀರು ಹಾಕಿ ಒದ್ದೆ ಮುದ್ದೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬದಲ್ಲಿ ಒಂದು ರಾತ್ರಿ ಮುಚ್ಚಿಡಬೇಕು. 25 ಡಿಗ್ರಿಯ ಹೊತ್ತಿಗೆ ಒಳಗಿನ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ನನ್ನದು 71 ತೋರಿಸಿತು. ನಾಲ್ಕು ಸೇರಿಸಿ ಓದಬೇಕೆಂದು ಹಿಂದುಗಡೆ ಬರೆದು ಅಂಟಿಸಿದೆ. ಗಾಳಿಯ ತೇವ ಈ 75 ದಾಟಿದರೆ ಲೆನ್ಸ್ ಮೇಲಿನ ಉಪ್ಪು ತಾನಾಗಿ ನೀರು ಹೀರಿ ಒದ್ದೆಯಾಗುತ್ತದೆ. ನೀರು ತಾಗಿಸದಿದ್ದರೂ ಬೆಳಿಗ್ಗೆ ಎದ್ದು ನೋಡಿದರೆ ಗಾಜು ಬೆವರಿರುವುದು ಅದಕ್ಕೇ.

ಡಬ್ಬದೊಳಗಿನ ತೇವ 40ರಿಂದ 50ರ ನಡುವೆ ಇದ್ದರೆ ಸಾಕು. 30ಕ್ಕಿಂತ ಕೆಳಗಿಳಿಸಿದರೆ ರಬ್ಬರ್, ಗ್ರೀಸ್ ಒಣಗಬಹುದು. ಚರ್ಮದ ಕೇಸು, ಬಟ್ಟೆಯ ಚೀಲ ಒಳಗಿಡಬಾರದು, ಫಂಗಸ್ ಅವುಗಳ ಮೂಲಕವೂ ಬರುತ್ತದೆ. ಡಾಂಬರ್ ಗುಳಿಗೆ, ಕರ್ಪೂರ ಬೇಡ, ಅವುಗಳ ಆವಿ ಗಾಜಿನ ಮೇಲೆ ಕೂರುತ್ತದೆ. ಲೆನ್ಸನ್ನು ಅಕ್ಕಿಯಲ್ಲಿ ಹೂತಿಡುವ ಸಲಹೆಯನ್ನೂ ಬಿಡಿ. ಕುಚ್ಚಲಕ್ಕಿಯ ತೌಡಿನ ಹುಡಿ ಜೂಮ್ ರಿಂಗಿನ ಸಂದಿಯೊಳಗೆ ಸೇರಿದರೆ ತೆಗೆಯುವವರು ಯಾರು?

ಟೆಲಿಯನ್ನು ಭಾವ ಒಯ್ದಾಯಿತು, ಜೂನ್ ಮೊದಲ ವಾರದಲ್ಲಿ ಕಾರ್ಕಳದಲ್ಲೊಂದು ಮದುವೆ ಇದೆಯಂತೆ. ಬ್ಯಾಗಿನ ಪಕ್ಕದ ಜೇಬಿಗೆ ನಾಲ್ಕು ಆಂಪ್ಯೂಲ್, ಒಂದು ಕಟ್ಟು ಟಿಶ್ಯೂ ಹಾಕಿ ಕೊಟ್ಟಿದ್ದೇನೆ. ಕಿಟ್ ಲೆನ್ಸ್ ದೊಡ್ಡ ಡಬ್ಬದಲ್ಲಿದೆ. ಹಳೇ ಐವತ್ತನ್ನು ಅದರ ಜೊತೆ ಇಡಲಿಲ್ಲ, ಮುಂದಿನ ಗುಂಪಿನಲ್ಲಿ ಎಳೆ ಇನ್ನೂ ಇರುವುದರಿಂದ ಬೇರೆ ಚಿಕ್ಕ ಡಬ್ಬ. ಜುಲೈ ನಡುವೆ ಒಮ್ಮೆ ಟಾರ್ಚು ಹಿಡಿದು ನೋಡುತ್ತೇನೆ. ಎಳೆ ಉದ್ದವಾಗಿದ್ದರೆ ಮುಂಭಾಗ ಬಿಚ್ಚುವ ಸರಿಯಾದ ಸಲಕರಣೆ ಇರುವವರಿಗೆ ಕೊಡುವುದು, ಇಲ್ಲದಿದ್ದರೆ ದೀಪಾವಳಿ ತನಕ ಅದು ಹಾಗೇ ಇರಲಿ.